ಹೊಸ ಮನೆಯ ನಳದ ಕೆಲಸ: ದರ ಕಟ್ಟುವ ಲೆಕ್ಕ

ಹೊಸ ಮನೆಯ ನಳದ ಕೆಲಸ ಒಂದೇ ಬಾರಿಗೆ ಮುಗಿಯುವಂಥದ್ದಲ್ಲ. ಬುನಾದಿ ಮೇಲೆದ್ದು ಒಳಗೆ ಮಣ್ಣು ತುಂಬುವ ಹೊತ್ತಿಗೆ ಸಂಡಾಸ, ಬಚ್ಚಲು, ಅಡುಗೆಮನೆಗಳ ಹೊಲಸು ನೀರಿನ ಪೈಪುಗಳನ್ನು ಹಾಕಬೇಕು. ಗೋಡೆ ಎದ್ದು ಸ್ಲ್ಯಾಬ್ ಬಿದ್ದ ಮೇಲೆ, ಗಿಲಾವಿಗೆ ಮುಂಚೆ, ಗೋಡೆ ಕೊರೆದು ತಣ್ಣೀರು ಬಿಸಿನೀರಿನ ಲೈನ್ ಎಳೆಯಬೇಕು. ಆಮೇಲೆ ಮಾಳಿಗೆಯ ಮೇಲಿನ ಟ್ಯಾಂಕು, ಸಂಪು, ಮೋಟಾರು, ಹೊರಗಿನ ಚೇಂಬರುಗಳು. ಟೈಲ್ಸ್ ಮತ್ತು ಬಣ್ಣ ಮುಗಿದ ಮೇಲೆ ನಳ, ಶವರ್, ಬೇಸಿನ್, ಕಮೋಡ್ ಕೂಡಿಸಬೇಕು. ಈ ನಾಲ್ಕು ಹಂತಗಳ ನಡುವೆ ತಿಂಗಳುಗಳೇ ಕಳೆಯುತ್ತವೆ. ಸೋರುವ ನಳ ರಿಪೇರಿ ಮಾಡಿದವನಿಗೆ ಅಂದೇ ಹಣ ಸಿಗುತ್ತದೆ. ಹೊಸ ಮನೆಯ ಗುತ್ತಿಗೆ ಹಿಡಿದವನು ಇಂದು ಬಾಯಿಂದ ಆಡಿದ ದರಕ್ಕೆ ಮುಂದಿನ ವರ್ಷದ ಕೆಲಸವನ್ನೂ ಮಾಡಿಕೊಡಬೇಕಾಗುತ್ತದೆ. ದರ ಕಟ್ಟುವುದು ಕಠಿಣವಾಗುವುದು ಇದೇ ಕಾರಣಕ್ಕೆ.

ಈ ಕೆಲಸದ ಗಾತ್ರವೂ ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಮೊದಲಿನಂತೆ ಉಳಿದಿಲ್ಲ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದ ನೆರವಿನಿಂದ ಕರ್ನಾಟಕದಲ್ಲಿ ಕೈಗೊಂಡ ನಗರ ನೀರು ನಿರ್ವಹಣೆಯ ಕಾರ್ಯಕ್ರಮದಲ್ಲಿ ದಾವಣಗೆರೆ, ಹರಿಹರಗಳ ಜೊತೆಗೆ ರಾಣೆಬೆನ್ನೂರು ಮತ್ತು ಬ್ಯಾಡಗಿ ಪಟ್ಟಣಗಳೂ ಸೇರಿದವು. ಹಳ್ಳಿಗಳ ಕಡೆಗೆ 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್ ಬಂತು. ತಲೆಗೆ ದಿನಕ್ಕೆ 55 ಲೀಟರ್ ನೀರು ಪ್ರತಿ ಮನೆಯ ನಳದಲ್ಲೇ ಸಿಗಬೇಕೆಂಬುದು ಅದರ ಗುರಿ. ಅಂಗಳದಲ್ಲಿ ಒಂದು ನಳ, ಹಿತ್ತಲಲ್ಲಿ ಒಂದು ಬಚ್ಚಲು ಇದ್ದ ಕಡೆ ಈಗ ಮಲಗುವ ಕೋಣೆಗೊಂದು ಬಾತ್‌ರೂಮ್, ಮಾಳಿಗೆಯ ಮೇಲೆ ಸೋಲಾರ್, ಅಡುಗೆಮನೆಗೆ ಶುದ್ಧ ನೀರಿನ ಬೇರೆ ಲೈನ್ ಕೇಳುವ ಮಾಲೀಕರಿದ್ದಾರೆ. ತುಂಗಭದ್ರೆಯ ದಂಡೆಯ ಐರಣಿಯಂಥ ಊರಿನಲ್ಲಿ ಕಟ್ಟುವ ಮನೆಯೂ ಇದಕ್ಕೆ ಹೊರತಲ್ಲ. ಕೆಲಸ ಇಷ್ಟು ಬೆಳೆದರೂ ದರ ಹೇಳುವ ರೂಢಿ ಅದರೊಂದಿಗೆ ಬೆಳೆದಿಲ್ಲ.

ರೂಢಿಯಲ್ಲಿರುವ ಲೆಕ್ಕಗಳು ಮೂರು. ಚದರಡಿಗೆ ಇಷ್ಟು ಎನ್ನುವುದು ಒಂದು, ಬಾತ್‌ರೂಮಿಗೆ ಇಷ್ಟು ಎನ್ನುವುದು ಇನ್ನೊಂದು, ಪಾಯಿಂಟಿಗೆ ಇಷ್ಟು ಎನ್ನುವುದು ಮತ್ತೊಂದು. ಮೊದಲನೆಯದು ಮಾಲೀಕನಿಗೆ ಬೇಗ ಅರ್ಥವಾಗುತ್ತದೆ, ಆದರೆ ಪ್ಲಂಬರನಿಗೆ ಅತಿ ಹೆಚ್ಚು ನಷ್ಟ ತರುವುದೂ ಅದೇ. 30-40ರ ಸೈಟಿನಲ್ಲಿ ಒಂದು ಬಾತ್‌ರೂಮಿನ ಮನೆಯೂ ಏಳಬಹುದು, ಮೂರು ಬಾತ್‌ರೂಮಿನ ಮನೆಯೂ ಏಳಬಹುದು. ಚದರಡಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಹಾಲಿನ ನೆಲದಲ್ಲಿ ಒಂದು ಅಡಿ ಪೈಪೂ ಇರುವುದಿಲ್ಲ. ಐದಡಿ ಅಗಲದ ಬಚ್ಚಲಿನಲ್ಲಿ ಕೆಲಸವೆಲ್ಲ ಕೂಡಿಬಿದ್ದಿರುತ್ತದೆ. ಆದ್ದರಿಂದ ಚದರಡಿಯ ದರವನ್ನು ಗೌಂಡಿ ಕೆಲಸದಿಂದ ಎತ್ತಿ ನಳದ ಕೆಲಸಕ್ಕೆ ಹಚ್ಚುವುದು ತಪ್ಪು ಲೆಕ್ಕ.

ಪಾಯಿಂಟಿನ ಲೆಕ್ಕ ಇದಕ್ಕಿಂತ ಮೇಲು, ಆದರೆ ಪಾಯಿಂಟ್ ಎಂದರೇನು ಎಂಬುದನ್ನು ಮೊದಲೇ ಒಪ್ಪಿಕೊಂಡಿರಬೇಕು. ಒಂದು ಸಾಧಾರಣ ಬಾತ್‌ರೂಮ್ ನೋಡಿದರೆ ಬೇಸಿನ್ನಿಗೆ ತಣ್ಣೀರು ಮತ್ತು ಬಿಸಿನೀರು, ಗೀಸರಿಗೆ ಒಳಗೊಂದು ಹೊರಗೊಂದು, ಫ್ಲಶ್ ಟ್ಯಾಂಕಿಗೊಂದು, ಕಮೋಡ್ ಪಕ್ಕದ ಜೆಟ್ಟಿಗೊಂದು. ಡೈವರ್ಟರಿಗೆ ತಣ್ಣೀರು ಬಿಸಿನೀರು ಎರಡೂ ಬರುತ್ತವೆ, ಅಲ್ಲಿಂದ ಶವರಿಗೊಂದು, ಕೆಳಗಿನ ನಳಕ್ಕೊಂದು ಹೊರಡುತ್ತವೆ. ಪೈಪಿನ ಬಾಯಿ ಎಣಿಸಿದರೆ ಹತ್ತು. ಡೈವರ್ಟರನ್ನು ಒಂದೇ ಪಾಯಿಂಟ್ ಎಂದು ಹಿಡಿದರೆ ಏಳು. ಈ ಮೂರರ ಅಂತರಕ್ಕೇ ಎಷ್ಟೋ ಮನೆಗಳಲ್ಲಿ ಕೊನೆಯ ಬಿಲ್ಲಿನ ಹೊತ್ತಿಗೆ ಮಾತು ಬೆಳೆಯುತ್ತದೆ. ಹೊಲಸು ನೀರಿನ ಪೈಪಿಗೂ, ಮಾಳಿಗೆಯಿಂದ ಇಳಿಯುವ ಲೈನಿಗೂ ಪಾಯಿಂಟ್ ಎಂಬುದೇ ಇಲ್ಲ. ಅವನ್ನು ಬೇರೆಯಾಗಿ ಅಡಿ ಲೆಕ್ಕದಲ್ಲಿ ಬರೆಯದಿದ್ದರೆ ಅಷ್ಟೂ ಕೆಲಸ ಪುಕ್ಕಟೆಯಾಗಿ ಹೋಗುತ್ತದೆ.

ಮಾಲೀಕನಿಗೆ ಹೇಳುವಾಗ ಪಾಯಿಂಟಿನಲ್ಲಾದರೂ ಹೇಳಲಿ, ಬಾತ್‌ರೂಮಿನಲ್ಲಾದರೂ ಹೇಳಲಿ. ಒಳಗೆ ದರವನ್ನು ಕಟ್ಟುವುದು ಮಾತ್ರ ಆಳು-ದಿನದ ಮೇಲೆಯೇ ಆಗಬೇಕು. ಒಬ್ಬ ಮಿಸ್ತ್ರಿ ಮತ್ತು ಒಬ್ಬ ಹೆಲ್ಪರ್ ಸೇರಿದ ಜೋಡಿ ಈ ಮನೆಯಲ್ಲಿ ಎಷ್ಟು ದಿನ ಕಳೆಯುತ್ತದೆ ಎಂಬುದೇ ಮೂಲ ಪ್ರಶ್ನೆ. ನಕ್ಷೆ ಕೈಯಲ್ಲಿ ಹಿಡಿದು, ಸೈಟಿಗೆ ಹೋಗಿ ನಿಂತು, ಹಂತ ಹಂತವಾಗಿ ದಿನ ಎಣಿಸಿದರೆ ಮಾತ್ರ ಅದಕ್ಕೆ ಉತ್ತರ ಸಿಗುತ್ತದೆ.

ಒಂದು ಉದಾಹರಣೆಯನ್ನು ಕಡೆಯವರೆಗೆ ಬಿಡಿಸಿ ನೋಡಬಹುದು. ಇಲ್ಲಿ ಕೊಡುವ ಮೊತ್ತಗಳು ಲೆಕ್ಕದ ದಾರಿ ತೋರಿಸಲು ಹಿಡಿದವು. ಪ್ರತಿಯೊಬ್ಬರೂ ತಮ್ಮ ಊರಿನ ಪಗಾರ ಮತ್ತು ಅಂಗಡಿಯ ದರವನ್ನು ಆ ಜಾಗದಲ್ಲಿ ಹಾಕಿಕೊಳ್ಳಬೇಕು. ಎರಡು ಬಾತ್‌ರೂಮ್ ಮತ್ತು ಒಂದು ಅಡುಗೆಮನೆಯ ಒಂದಂತಸ್ತಿನ ಮನೆ. ನಳ, ಕಮೋಡ್, ಬೇಸಿನ್ ಮಾಲೀಕನೇ ತರುತ್ತಾನೆ. ಪೈಪು ಮತ್ತು ಫಿಟಿಂಗ್ಸ್ ಗುತ್ತಿಗೆದಾರನವು, ಅವಕ್ಕೆ 62,000 ರೂಪಾಯಿ. ಹೊಲಸು ನೀರಿನ ಲೈನಿಗೆ 4 ದಿನ, ಗೋಡೆಯೊಳಗಿನ ಪೈಪಿಗೆ 7, ಟ್ಯಾಂಕು, ಸಂಪು, ಚೇಂಬರಿಗೆ 4, ಕೊನೆಯ ಫಿಟಿಂಗಿಗೆ 4. ಇವುಗಳ ಜೊತೆಗೆ ಹೆಚ್ಚಿನವರು ಎಣಿಸದೆ ಬಿಡುವ 2 ದಿನಗಳಿವೆ: ಸ್ಲ್ಯಾಬಿನ ದಿನ ತೂತು ಬಿಡಿಸಲು ನಿಲ್ಲುವುದು, ಟೈಲ್ಸಿನವನು ಬಂದಾಗ ಅಳತೆ ತೋರಿಸುವುದು, ವಾಸ್ತುಶಾಂತಿಯಾದ ಮೇಲೆ ಸಣ್ಣ ಸೋರಿಕೆಗೆ ಮರಳಿ ಬರುವುದು. ಒಟ್ಟು 21 ದಿನ. ಮಿಸ್ತ್ರಿಗೆ 900, ಹೆಲ್ಪರಿಗೆ 600, ಜೋಡಿಗೆ ದಿನಕ್ಕೆ 1,500 ಎಂದು ಹಿಡಿದರೆ ಕೂಲಿ 31,500. ಸಾಗಾಟಕ್ಕೆ 3,500. ಅಲ್ಲಿಗೆ ನೇರ ಖರ್ಚು 97,000 ರೂಪಾಯಿ.

ತಾನೇ ಮಿಸ್ತ್ರಿಯಾಗಿ ಕೆಲಸ ಮಾಡುವ ಗುತ್ತಿಗೆದಾರ ತನ್ನ 900 ರೂಪಾಯಿಯನ್ನು ಈ ಕೂಲಿಯಲ್ಲಿ ಹಾಕಿಕೊಳ್ಳಲೇಬೇಕು. ಅದು ಅವನ ದುಡಿಮೆಯ ಪಗಾರ. ಬೇರೆಯವನನ್ನು ಕರೆತಂದಿದ್ದರೆ ಕೊಡಲೇಬೇಕಾಗಿದ್ದ ಹಣ. ಅದನ್ನೇ ಲಾಭವೆಂದು ಎಣಿಸಿದರೆ, ಕೆಲಸ ಬೆಳೆದು ಇನ್ನೊಬ್ಬ ಮಿಸ್ತ್ರಿಯನ್ನು ಇಟ್ಟುಕೊಂಡ ದಿನವೇ ಲಾಭ ಮಾಯವಾಗುತ್ತದೆ.

ಈ 97,000ದಲ್ಲಿ ಕಾಣದ ಖರ್ಚು ಇನ್ನೂ ಸೇರಿಲ್ಲ. ಬೈಕಿನ ಪೆಟ್ರೋಲು, ಫೋನು, ಸಾಮಾನು ಇಡುವ ಕೋಣೆಯ ಬಾಡಿಗೆ, ಗೋಡೆ ಕೊರೆಯುವ ಮಷಿನ್ನು ಮತ್ತು ಅದರ ಬ್ಲೇಡು, ಪ್ರೆಶರ್ ಪಂಪು, ವಿಮೆ, ಲೆಕ್ಕ ಬರೆಯುವವನ ಫೀ, ಅಂದಾಜು ಕೊಟ್ಟೂ ಕೈಗೆ ಬಾರದ ಮನೆಗಳಿಗೆ ಓಡಾಡಿದ ದಿನಗಳು, ಇವೆಲ್ಲ ವರ್ಷಪೂರ್ತಿ ನಡೆಯುತ್ತಲೇ ಇರುತ್ತವೆ. ಕೆಲಸವಿಲ್ಲದ ತಿಂಗಳಲ್ಲೂ ಇವು ನಿಲ್ಲುವುದಿಲ್ಲ. ವರ್ಷಕ್ಕೆ ಇವು 1,44,000 ರೂಪಾಯಿ ಎಂದುಕೊಂಡರೆ ಅದನ್ನು 365ರಿಂದ ಭಾಗಿಸಬಾರದು. ವಾರದ ರಜೆ, ಅಮಾವಾಸ್ಯೆ, ಹಬ್ಬ, ಜಾತ್ರೆ, ಮಳೆ, ಗೌಂಡಿಯ ಕೆಲಸ ಮುಗಿಯದೆ ಕಾಯುವ ದಿನಗಳನ್ನು ಕಳೆದು, ಹಣ ತರುವ ದಿನಗಳು 240 ಉಳಿದರೆ, ದಿನಕ್ಕೆ 600 ರೂಪಾಯಿ ಮೇಲ್ಖರ್ಚು. 21 ದಿನಕ್ಕೆ 12,600. ಈಗ ನಿಜವಾದ ಅಸಲು 1,09,600 ರೂಪಾಯಿ.

ಇನ್ನು ಲಾಭ. ನೂರು ರೂಪಾಯಿ ಬಿಲ್ಲಿನಲ್ಲಿ ಹನ್ನೆರಡು ಉಳಿಯಬೇಕು ಎಂಬುದು ಗುರಿಯಾದರೆ, ಅಸಲಿಗೆ ಶೇ. 12 ಕೂಡಿಸಿದರೆ ಸಾಲದು. ಅಸಲನ್ನು 0.88ರಿಂದ ಭಾಗಿಸಬೇಕು. ಕೂಡಿಸಿದರೆ ಬರುವುದು 1,22,752, ಭಾಗಿಸಿದರೆ 1,24,545. ಅಂತರ 1,793 ರೂಪಾಯಿ. ಒಂದು ಮನೆಗೆ ಇದು ಸಣ್ಣದೆನಿಸಬಹುದು, ಆದರೆ ವರ್ಷಕ್ಕೆ ಹತ್ತು ಮನೆ ಮಾಡುವವನಿಗೆ ಒಂದು ಒಳ್ಳೆಯ ಮಷಿನ್ನಿನ ಬೆಲೆ. ಶೇಕಡಾವಾರು ಹೆಚ್ಚಿದಂತೆ ಈ ಅಂತರವೂ ಹಿಗ್ಗುತ್ತದೆ: ನೂರಕ್ಕೆ ಇಪ್ಪತ್ತು ಕೂಡಿಸಿ 120 ಹೇಳಿದವನಿಗೆ ಉಳಿಯುವುದು ಬಿಲ್ಲಿನ ಶೇ. 16.67 ಮಾತ್ರ, ಇಪ್ಪತ್ತು ಉಳಿಯಬೇಕಾದರೆ 125 ಹೇಳಬೇಕು.

ಮೇಲ್ಖರ್ಚನ್ನು ಮರೆತು 97,000ದ ಮೇಲೆಯೇ ಇದೇ ಲಾಭ ಹಾಕಿದವನ ದರ 1,10,227 ಆಗುತ್ತದೆ. ಹದಿಮೂರು ಸಾವಿರ ಗಳಿಸಿದೆನೆಂದು ಅವನಿಗೆ ಅನಿಸುತ್ತದೆ. ನಿಜಕ್ಕೂ ಉಳಿಯುವುದು 627 ರೂಪಾಯಿ. ವರ್ಷವಿಡೀ ಬಿಡುವಿಲ್ಲದೆ ದುಡಿದೂ ಕೊನೆಗೆ ಪೈಪಿನ ಅಂಗಡಿಯಲ್ಲಿ ಉದ್ರಿ ಉಳಿಸಿಕೊಂಡ ಪ್ಲಂಬರರ ಕಷ್ಟದ ಬೇರು ಬಹುಪಾಲು ಇಲ್ಲಿರುತ್ತದೆ. ಅವರು ಸೋಮಾರಿಗಳಲ್ಲ, ಕೈಕೆಲಸ ಬಾರದವರೂ ಅಲ್ಲ. ಅವರ ದರದಲ್ಲಿ ಮೇಲ್ಖರ್ಚಿಗೆ ಜಾಗವೇ ಇರಲಿಲ್ಲ.

ಮೇಲ್ಖರ್ಚು ಮತ್ತು ಲಾಭ ಕೇಳುವುದರಲ್ಲಿ ಸಂಕೋಚಪಡುವ ಕಾರಣವಿಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ದರ ವಿಶ್ಲೇಷಣೆಯಲ್ಲೇ ಗುತ್ತಿಗೆದಾರನ ಮೇಲ್ಖರ್ಚು ಮತ್ತು ಲಾಭಕ್ಕೆಂದು ಶೇ. 15 ಸೇರಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ಇವೆರಡೂ ಸೇರಿ ನೇರ ಖರ್ಚಿನ ಶೇ. 28ರಷ್ಟಾಗುತ್ತವೆ. ದೊಡ್ಡ ಸರ್ಕಾರಿ ಕಟ್ಟಡದಲ್ಲಿ ಮೇಲ್ಖರ್ಚು ಲಕ್ಷಾಂತರ ರೂಪಾಯಿಯ ಕೆಲಸದ ಮೇಲೆ ಹಂಚಿಹೋಗುತ್ತದೆ. ಒಬ್ಬ ಮಿಸ್ತ್ರಿಯ ಗುತ್ತಿಗೆಯಲ್ಲಿ ಅದು ಇಪ್ಪತ್ತೊಂದೇ ದಿನದ ಮೇಲೆ ಬೀಳುತ್ತದೆ. ಆದ್ದರಿಂದ ಸರ್ಕಾರಿ ದರಪಟ್ಟಿಯ ಶೇಕಡಾವಾರನ್ನು ಸಣ್ಣ ಕೆಲಸಕ್ಕೆ ಹಾಗೆಯೇ ತರಲಾಗದು.

ಲಾಭವೆಂದು ಇಟ್ಟುಕೊಂಡ ಆ 14,945 ರೂಪಾಯಿ ಎಷ್ಟು ಬೇಗ ಕರಗುತ್ತದೆ ಎಂಬುದನ್ನೂ ನೋಡಬೇಕು. ಕೆಲಸ ಮೂರು ದಿನ ಹೆಚ್ಚು ಹಿಡಿದರೆ ಕೂಲಿ, ಮೇಲ್ಖರ್ಚು ಸೇರಿ 6,300 ಹೋಗುತ್ತದೆ. ಪೈಪಿನ ಬೆಲೆ ಶೇ. 10 ಏರಿದರೆ 6,200. ಎರಡೂ ಒಟ್ಟಿಗೆ ಬಂದರೆ ಉಳಿಯುವುದು 2,445 ರೂಪಾಯಿ. ಈ ಎರಡೂ ಅಪರೂಪದ ಸಂಗತಿಗಳಲ್ಲ, ಹೊಸ ಮನೆಯ ಕೆಲಸದಲ್ಲಿ ದಿನನಿತ್ಯ ನಡೆಯುವಂಥವು.

ದಿನ ಹೆಚ್ಚಾಗಲು ಮುಖ್ಯ ಕಾರಣ ನಡುವಿನ ಬದಲಾವಣೆ. ಗೋಡೆಯೊಳಗೆ ಪೈಪು ಹಾಕಿ ಆದ ಮೇಲೆ ವಾಸ್ತು ಹೇಳುವವರು ಬಂದು ಸಂಡಾಸದ ದಿಕ್ಕು ಬದಲಿಸಿ ಎನ್ನಬಹುದು. ಸಂಬಂಧಿಕರ ಹೊಸ ಮನೆ ನೋಡಿಬಂದ ಮಾಲೀಕರು ಗೋಡೆಗೆ ತೂಗುವ ಕಮೋಡ್ ಬೇಕೆನ್ನಬಹುದು. ಮನೆ ಅವರದು, ಆಸೆ ಸಹಜವಾದದ್ದು. ಆದರೆ ಬದಲಾವಣೆಗೆ ಎಷ್ಟು ದಿನ, ಎಷ್ಟು ಸಾಮಾನು ಎಂಬುದನ್ನು ಕೆಲಸಕ್ಕೆ ಕೈ ಹಚ್ಚುವ ಮೊದಲೇ ಬರೆದು, ದರ ಹೇಳಿ, ಒಪ್ಪಿಗೆ ಪಡೆಯಬೇಕು. ಕೊನೆಗೆ ನೋಡೋಣ ಎಂದು ಬಿಟ್ಟ ಹಣ ಕೊನೆಗೆ ಬರುವುದು ಕಷ್ಟ, ಏಕೆಂದರೆ ಗಿಲಾವು ಮತ್ತು ಟೈಲ್ಸ್ ಮುಚ್ಚಿದ ಮೇಲೆ ಆ ಕೆಲಸ ಯಾರ ಕಣ್ಣಿಗೂ ಕಾಣುವುದಿಲ್ಲ. ಮುಚ್ಚುವ ಮೊದಲು ಫೋನಿನಲ್ಲಿ ಫೋಟೊ ತೆಗೆದಿಡುವುದು ಈಗ ಸುಲಭ. ಬಿಲ್ಲಿಗೂ, ಮುಂದೆ ಗೋಡೆಗೆ ಮೊಳೆ ಹೊಡೆಯುವಾಗ ಪೈಪು ಎಲ್ಲಿದೆ ಎಂದು ತಿಳಿಯಲೂ ಅದು ಉಪಯೋಗಕ್ಕೆ ಬರುತ್ತದೆ.

ದೂರವೂ ಒಂದು ಖರ್ಚೇ. ರಾಣೆಬೆನ್ನೂರಿನ ಬಡಾವಣೆಯಲ್ಲಿ ಒಂದು ಎಲ್ಬೊ ಕಡಿಮೆ ಬಿದ್ದರೆ ಹತ್ತು ನಿಮಿಷದಲ್ಲಿ ತರಬಹುದು. ಐರಣಿಯಲ್ಲಿ ಬೇಕಾದ ಅಳತೆಯ ಫಿಟಿಂಗ್ ಸಿಗದೆ ಪಟ್ಟಣಕ್ಕೆ ಹೋಗಿಬರಬೇಕಾದರೆ ಅರ್ಧ ದಿನದ ಕೆಲಸ ನಿಂತುಹೋಗುತ್ತದೆ. ಹಳ್ಳಿಯ ಕೆಲಸಕ್ಕೆ ಸಾಮಾನಿನ ಪಟ್ಟಿಯನ್ನು ಹೆಚ್ಚು ಎಚ್ಚರದಿಂದ ಬರೆಯಬೇಕು, ಫಿಟಿಂಗ್ಸ್ ನಾಲ್ಕಾರು ಹೆಚ್ಚೇ ಒಯ್ಯಬೇಕು, ಉಳಿದದ್ದನ್ನು ಅಂಗಡಿ ಮರಳಿ ಪಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಹೊಲಸು ನೀರಿನ ದಾರಿಯೂ ಊರಿನಿಂದ ಊರಿಗೆ ಬೇರೆ. ಒಳಚರಂಡಿ ಇರುವ ಬೀದಿಯಲ್ಲಿ ಚೇಂಬರಿನಿಂದ ಒಂದು ಜೋಡಣೆ ಸಾಕು. ಇಲ್ಲದ ಕಡೆ ಸೆಪ್ಟಿಕ್ ಟ್ಯಾಂಕು, ಇಂಗುಗುಂಡಿಯವರೆಗಿನ ಪೈಪು ಯಾರ ಪಾಲಿಗೆ ಎಂಬುದನ್ನು ಬರೆದಿರಬೇಕು. ಬೋರಿನ ನೀರು ಗಡಸಾಗಿದ್ದರೆ ನಳದ ಬಾಯಿ, ಗೀಸರಿನ ಕಾಯಿಲ್ ಬೇಗ ಕಟ್ಟಿಕೊಳ್ಳುತ್ತವೆ. ಅದಕ್ಕಾಗಿ ಮತ್ತೆ ಮತ್ತೆ ಕರೆ ಬರುವುದು ಖಚಿತ. ಅದು ಸೋರಿಕೆಯ ಖಾತ್ರಿಯಲ್ಲಿ ಸೇರುವುದಿಲ್ಲ ಎಂದು ಮೊದಲೇ ತಿಳಿಸಿದರೆ ಮುಂದೆ ಮನಸ್ತಾಪವಿಲ್ಲ.

ಸಾಮಾನಿನ ಅಂದಾಜಿನಲ್ಲಿ ಪೈಪಿಗಿಂತ ಫಿಟಿಂಗ್ಸ್ ಲೆಕ್ಕ ತಪ್ಪುವುದು ಹೆಚ್ಚು. ಬಿಸಿನೀರಿನ ಸಿಪಿವಿಸಿ ಪೈಪು ಸಾಮಾನ್ಯವಾಗಿ 3 ಮತ್ತು 5 ಮೀಟರಿನ ಉದ್ದದಲ್ಲಿ ಬರುತ್ತದೆ. ಬೇಕಾದ ಅಡಿಗಳನ್ನು ಕೂಡಿಸಿದರೆ ಸಾಲದು, ಪೂರಾ ಪೈಪುಗಳನ್ನೇ ಎಣಿಸಬೇಕು. ಕತ್ತರಿಸಿ ಉಳಿದ ತುಂಡುಗಳಿಗೂ ಹಣ ಕೊಟ್ಟಿರುತ್ತದೆ. ನಳ ಕೂಡಿಸುವ ಪ್ರತಿ ಬಾಯಿಗೆ ಬೇಕಾದ ಹಿತ್ತಾಳೆ ತಿರುಪಿನ ಎಲ್ಬೊ ಸಾದಾ ಎಲ್ಬೊಗಿಂತ ಹಲವು ಪಟ್ಟು ತುಟ್ಟಿ. ಹತ್ತು ಬಾಯಿಯ ಬಾತ್‌ರೂಮಿನಲ್ಲಿ ಅವುಗಳ ಮೊತ್ತವೇ ದೊಡ್ಡದಾಗುತ್ತದೆ. ಗುಣಮಟ್ಟವನ್ನೂ ಅಂದಾಜಿನಲ್ಲೇ ಬರೆಯಬೇಕು: ತಣ್ಣೀರಿನ ಯುಪಿವಿಸಿಗೆ ಐಎಸ್ 4985, ಸಿಪಿವಿಸಿಗೆ ಐಎಸ್ 15778, ಹೊಲಸು ನೀರಿನ ಪೈಪಿಗೆ ಐಎಸ್ 13592. ಇಷ್ಟು ಬರೆದಿದ್ದರೆ ಎರಡು ಅಂದಾಜುಗಳನ್ನು ಎದುರುಬದುರು ಇಟ್ಟು ನೋಡುವ ಮಾಲೀಕನಿಗೆ ಕಡಿಮೆ ದರ ಹೇಗೆ ಬಂತು ಎಂಬುದೂ ತಿಳಿಯುತ್ತದೆ.

ಪಿವಿಸಿ ಪೈಪಿನ ಬೆಲೆ ರಾಳದ ಬೆಲೆಯನ್ನು ಹಿಂಬಾಲಿಸುತ್ತದೆ, ರಾಳದ ಬೆಲೆ ಜಾಗತಿಕ ಮಾರುಕಟ್ಟೆಯನ್ನು. ಭಾರತ ತನಗೆ ಬೇಕಾದ ರಾಳದ ದೊಡ್ಡ ಪಾಲನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. 2020-21ರಲ್ಲಿ ಅದರ ಬೆಲೆ ಜಗತ್ತಿನಾದ್ಯಂತ ಜಿಗಿದಾಗ, ಹಳೆಯ ದರಕ್ಕೆ ಮಾತು ಕೊಟ್ಟವರು ಕೈಯಿಂದ ಹಣ ಹಾಕಬೇಕಾಯಿತು. ಅಂದಾಜಿನ ಕೆಳಗೆ ಈ ದರ 15 ದಿನಕ್ಕೆ ಮಾತ್ರ ಎಂಬ ಒಂದು ಸಾಲು, ಸಾಮಾನು ಖರೀದಿಸುವ ದಿನದ ಅಂಗಡಿ ದರವೇ ಅನ್ವಯ ಎಂಬ ಇನ್ನೊಂದು ಸಾಲು ಇದ್ದರೆ ಈ ಭಾರ ಒಬ್ಬನ ತಲೆಯ ಮೇಲೇ ಬೀಳುವುದಿಲ್ಲ. ಅಂಗಡಿಯವರು ಕೊಡುವ ಕಮಿಷನ್, ಡಬ್ಬಿಯೊಳಗಿನ ಕೂಪನ್ನುಗಳನ್ನು ನಂಬಿ ಕೂಲಿಯನ್ನು ಇಳಿಸುವುದು ಸರಿಯಾದ ಕ್ರಮವಲ್ಲ. ಆ ಹಣ ಬರುವುದೂ ಅನಿಶ್ಚಿತ. ಮಾಲೀಕನಿಗೆ ಅದು ಬೇರೆ ದಾರಿಯಿಂದ ತಿಳಿದರೆ ಹೋಗುವ ನಂಬಿಕೆ ಕೂಪನ್ನಿಗಿಂತ ಬೆಲೆಬಾಳುವಂಥದ್ದು.

ತೆರಿಗೆಯ ವಿಷಯದಲ್ಲಿ ತಿಳಿದಿರಬೇಕಾದದ್ದು ಸ್ವಲ್ಪವೇ, ಆದರೆ ತಿಳಿಯದಿದ್ದರೆ ದರವೆಲ್ಲ ತಲೆಕೆಳಗಾಗುತ್ತದೆ. 2017ರ ಜುಲೈ 1ರಿಂದ ಜಾರಿಗೆ ಬಂದ ಜಿಎಸ್‌ಟಿಯಲ್ಲಿ, ವಸತಿ ಸಮುಚ್ಚಯದ ಭಾಗವಲ್ಲದ ಒಂಟಿ ಹೊಸ ಮನೆಗೆ ಬರೀ ಕೂಲಿಯ ಗುತ್ತಿಗೆ ಹಿಡಿದರೆ ಆ ಕೆಲಸಕ್ಕೆ ವಿನಾಯಿತಿ ಇದೆ. ಸಾಮಾನು ಸೇರಿಸಿ ಗುತ್ತಿಗೆ ಹಿಡಿದರೆ ಅದು ಬೇರೆ ವರ್ಗ; ಅದರ ತೆರಿಗೆ ಶೇ. 18. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ, ಆ 20 ಲಕ್ಷದಲ್ಲಿ ಸಾಮಾನಿನ ಬೆಲೆಯೂ ಸೇರುತ್ತದೆ. ನೋಂದಣಿ ಇಲ್ಲದ ಗುತ್ತಿಗೆದಾರ ಪೈಪಿನ ಮೇಲೆ ಕೊಟ್ಟ ತೆರಿಗೆ ಮರಳಿ ಬರುವುದಿಲ್ಲ. ಆದ್ದರಿಂದ ಅವನ ಅಂದಾಜಿನಲ್ಲಿ ಸಾಮಾನಿನ ಬೆಲೆಯನ್ನು ತೆರಿಗೆ ಸೇರಿದ ಬಿಲ್ಲಿನಿಂದಲೇ ಎತ್ತಬೇಕು.

ಬಿಲ್ಡರುಗಳು ಒಂದೇ ನಕ್ಷೆಯ ಐದು ಮನೆ ಕೊಡುತ್ತೇವೆ, ದರ ಇಳಿಸಿ ಎಂದು ಕೇಳುತ್ತಾರೆ. ಶೇ. 5 ಬಿಟ್ಟರೆ ಮೇಲಿನ ಉದಾಹರಣೆಯಲ್ಲಿ 6,227 ರೂಪಾಯಿ ಕಡಿಮೆಯಾಗಿ ಲಾಭ 8,718ಕ್ಕೆ ಇಳಿಯುತ್ತದೆ. ಐದು ಮನೆಯಲ್ಲಿ ಬರಬೇಕಿದ್ದ ಲಾಭಕ್ಕೆ ಎಂಟೊಂಬತ್ತು ಮನೆ ಮಾಡಬೇಕಾಗುತ್ತದೆ. ಆದರೆ ಒಂದೇ ನಕ್ಷೆ, ಒಂದೇ ಬೀದಿ, ಸಾಮಾನು ಒಂದೇ ಕಡೆ ಇಳಿದರೆ ಕೆಲಸ ನಿಜವಾಗಿಯೂ ಬೇಗ ಸಾಗಬಹುದು. ಮನೆಗೆ 21ರ ಬದಲು 18 ದಿನ ಸಾಕಾದರೆ 6,300 ಉಳಿಯುತ್ತದೆ, ಬಿಟ್ಟ ಹಣ ಅಲ್ಲಿಗೆ ಸರಿಹೋಗುತ್ತದೆ. ದರ ಇಳಿಸುವ ಮುನ್ನ ದಿನ ಇಳಿಯುತ್ತದೆಯೇ ಎಂದು ನೋಡಬೇಕು. ದಿನ ಇಳಿಯದೆ ದರ ಮಾತ್ರ ಇಳಿದರೆ ಕೊರತೆ ಬೀಳುವುದು ಕೆಲಸದ ಮೇಲೆ: ನೀರು ತುಂಬಿ ಒತ್ತಡ ಹಿಡಿದು ನೋಡುವ ಪರೀಕ್ಷೆ ಬಿಟ್ಟುಹೋಗುತ್ತದೆ, ಅಂಟು ಆರುವ ಮೊದಲೇ ನೀರು ಬಿಡಲಾಗುತ್ತದೆ. ಆ ಪೈಪು ಗೋಡೆಯೊಳಗೆ ದಶಕಗಳ ಕಾಲ ಇರಬೇಕಾದದ್ದು. ಕಟ್ಟಿಸಿದವರು ಜೀವಮಾನದ ಉಳಿತಾಯ ಹಾಕಿದ ಮನೆ ಅದು.

ಹಣ ಬರುವ ಕ್ರಮವೂ ದರದಷ್ಟೇ ಮುಖ್ಯ. ಈ ಸೀಮೆಯಲ್ಲಿ ಮನೆ ಕಟ್ಟಿಸುವ ರೈತರ ಕೈಯಲ್ಲಿ ಹಣ ಆಡುವುದು ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಮಾರಿದ ಮೇಲೆ. ಅದನ್ನು ತಿಳಿದು ಕಂತುಗಳನ್ನು ಹೊಂದಿಸಿದರೆ ಇಬ್ಬರಿಗೂ ಅನುಕೂಲ. ಸಾಮಾನಿನ ಹಣ ಖರೀದಿಗೆ ಮೊದಲೇ ಬರಬೇಕು. ಕೂಲಿ ಹಂತ ಮುಗಿದ ಹಾಗೆ ಬರಬೇಕು: ನೆಲದ ಲೈನ್ ಆದಾಗ, ಗಿಲಾವಿಗೆ ಮುಂಚೆ ಪರೀಕ್ಷೆ ಆದಾಗ, ಟ್ಯಾಂಕು ಏರಿದಾಗ, ಕೊನೆಗೆ ನಳ ಕೂಡಿಸಿದಾಗ. ಕೊನೆಯ ಕಂತನ್ನು ಆದಷ್ಟು ಚಿಕ್ಕದಾಗಿ ಇಡಬೇಕು. ಬಿಲ್ಲಿನ ಶೇ. 10 ಎಂದರೆ ಮೇಲಿನ ಮನೆಯಲ್ಲಿ 12,454 ರೂಪಾಯಿ. ಅದು ಬಾಕಿ ಉಳಿದರೆ ಲಾಭವೆಲ್ಲ ಅದರಲ್ಲೇ ಸಿಕ್ಕಿಕೊಂಡಂತೆ. ವಾಸ್ತುಶಾಂತಿಯ ಮುಹೂರ್ತ ಹತ್ತಿರವಾದಾಗ ಮಾಲೀಕನ ಖರ್ಚುಗಳು ನಾಲ್ಕೂ ಕಡೆಯಿಂದ ಏರುತ್ತವೆ, ನಳದವನ ಬಾಕಿ ಹಿಂದೆ ಬೀಳುತ್ತದೆ. ಇದರಲ್ಲಿ ಕೆಟ್ಟ ಮನಸ್ಸು ಇರಬೇಕೆಂದೇನೂ ಇಲ್ಲ, ಹಾಗಾಗಿಯೇ ಮೊದಲೇ ಏರ್ಪಾಡು ಮಾಡಿಕೊಳ್ಳುವುದು ಒಳ್ಳೆಯದು.

ಕೆಲಸಗಾರರ ಸುರಕ್ಷತೆಯನ್ನು ಮೇಲ್ಖರ್ಚಿನಿಂದ ಕೈಬಿಡಬಾರದು. ಪ್ಲಂಬರರೂ ಕಟ್ಟಡ ಕಾರ್ಮಿಕರ ಪಟ್ಟಿಯಲ್ಲಿದ್ದಾರೆ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಇಂಥ ಕೆಲಸ ಮಾಡಿದ್ದರೆ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಹೆಲ್ಪರನ ಹೆಸರನ್ನೂ ನೋಂದಾಯಿಸಿ ಕೊಡುವುದು ಗುತ್ತಿಗೆದಾರನ ಹೊಣೆ ಎಂದೇ ತಿಳಿಯಬೇಕು. ಮಾಳಿಗೆಯ ಅಂಚಿನಲ್ಲಿ ನಿಂತು ಟ್ಯಾಂಕು ಎತ್ತುವವನು ಅವನೇ.

ಮನೆ ಮುಗಿದ ಮೇಲೆ ಲೆಕ್ಕದ ಒಂದು ಭಾಗ ಇನ್ನೂ ಉಳಿದಿರುತ್ತದೆ. ಅಂದಾಜಿನಲ್ಲಿ ಬರೆದ ದಿನಗಳ ಪಕ್ಕದಲ್ಲಿ ನಿಜವಾಗಿ ಹಿಡಿದ ದಿನಗಳನ್ನು, ಬರೆದ ಸಾಮಾನಿನ ಪಕ್ಕದಲ್ಲಿ ಕೊಂಡ ಸಾಮಾನನ್ನು ಹಾಜರಿ ಪುಸ್ತಕ ಮತ್ತು ಅಂಗಡಿಯ ಬಿಲ್ಲು ನೋಡಿ ಬರೆದಿಡಬೇಕು. ಗೋಡೆಯೊಳಗಿನ ಪೈಪಿಗೆ 7 ದಿನ ಎಂದು ಬರೆದದ್ದು ಮೂರು ಮನೆಗಳಲ್ಲಿ 9 ಹಿಡಿದಿದ್ದರೆ, ನಾಲ್ಕನೆಯ ಮನೆಯ ಅಂದಾಜಿನಲ್ಲಿ 9 ಎಂದೇ ಬರೆಯಬೇಕು.